ಒಂದೇ ಸೆರಗಿನಲ್ಲಿ ಒರೆಸಿದ ಮುಖಗಳು

ಆ ಹುಡುಗಿ ಕಿಟಕಿಯ ಪಕ್ಕ ಕೂರಲು ಒಲ್ಲೆ ಎಂದ ದಿನವೇ ನಾನು ಅವಳ ಕಣ್ಣನ್ನು ಮೊದಲ ಸಲ ಸರಿಯಾಗಿ ನೋಡಿದ್ದು. ಉಳಿದ ಮಕ್ಕಳು ಕಿಟಕಿಗಾಗಿ ಜಗಳವಾಡುತ್ತಿದ್ದರು. ಕುರ್ಲಾದ ನಮ್ಮ ಮುನ್ಸಿಪಾಲ್ಟಿ ಕನ್ನಡ ಶಾಲೆಯ ಆ ಕಿಟಕಿಯಿಂದ ಲೋಕಲ್ ಟ್ರೇನುಗಳು ಕಾಣುತ್ತವೆ, ಗಾಳಿಯೂ ಒಂದಿಷ್ಟು ಬರುತ್ತದೆ. ಇವಳು ಮಾತ್ರ ಚೀಲ ಎತ್ತಿಕೊಂಡು ಗೋಡೆಯ ಕಡೆ ಹೋಗಿ ಕೂತಳು.

"ಯಾಕವ್ವಾ?" ಎಂದೆ.

"ಬೆಳಕು ಚುಚ್ಚತೈತ್ರಿ ಟೀಚರ್."

ಗಲ್ಲ ಹಿಡಿದು ಮುಖ ಎತ್ತಿದೆ. ಎರಡೂ ಕಣ್ಣು ಕೆಂಪಗಿದ್ದವು. ರೆಪ್ಪೆಗಳು ಬಾತು, ಮೂಲೆಯಲ್ಲಿ ಹಳದಿ ಪಿಸರು ಒಣಗಿ ಅಂಟಿತ್ತು. ನನಗೆ ಅಷ್ಟೇನೂ ಗಾಬರಿಯಾಗಲಿಲ್ಲ. ಮಳೆಗಾಲ, ಊರಿಗೆಲ್ಲ ಕಣ್ಣು ಬಂದಿತ್ತು. ನನ್ನ ಮೂರನೇ ತರಗತಿಯ ಅರ್ಧ ಮಕ್ಕಳು ಕಣ್ಣುಜ್ಜಿಕೊಳ್ಳುತ್ತಲೇ ಬರುತ್ತಿದ್ದರು. ಒಂದು ವಾರದೊಳಗೆ ಎಲ್ಲರದೂ ವಾಸಿಯಾಯಿತು. ಇವಳದು ಆಗಲಿಲ್ಲ.

ನಾನು ಧಾರವಾಡದವಳು. ಮದುವೆಯಾಗಿ ಆಂಟಾಪ್ ಹಿಲ್‌ಗೆ ಬಂದೆ, ಅಂದಿನಿಂದ ಅಲ್ಲೇ ಇದ್ದೇನೆ. ಈ ಶಾಲೆಯಲ್ಲಿ ಕಲಿಸುತ್ತಾ ನಿವೃತ್ತಿಯ ಅಂಚಿಗೆ ಬಂದಿದ್ದೇನೆ. ನನ್ನ ಮಕ್ಕಳೆಂದರೆ ಹೆಚ್ಚಾಗಿ ವಿಜಯಪುರ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಒಂದು ಬಿಲ್ಡಿಂಗ್ ಮೇಲೆದ್ದು ನಿಂತಿತೆಂದರೆ ಅಪ್ಪ ಅಮ್ಮ ಮತ್ತೊಂದು ಕಡೆ ಹೋಗುತ್ತಾರೆ, ನನ್ನ ತರಗತಿಯಲ್ಲಿ ಒಂದು ಜಾಗ ಖಾಲಿಯಾಗುತ್ತದೆ. ಹಾಗಾಗಿ ಯಾವ ಮಗುವನ್ನೂ ಬಹಳ ಹಚ್ಚಿಕೊಳ್ಳಬಾರದೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಈ ಹುಡುಗಿ ವಿಜಯಪುರದ ಹತ್ತಿರದ ಹಳ್ಳಿಯವಳು. ಮಾತು ಕಡಿಮೆ, ಲೆಕ್ಕದಲ್ಲಿ ಚುರುಕು.

ಹೆಲ್ತ್ ಪೋಸ್ಟ್ ಎಂಬ ಮುನ್ಸಿಪಾಲ್ಟಿಯ ಸಣ್ಣ ದವಾಖಾನೆಯವರು ಶಾಲೆಗೆ ಬಂದು ಎಲ್ಲರ ಕಣ್ಣು ನೋಡಿದರು. ಇವಳಿಗೆ ಒಂದು ಮುಲಾಮಿನ ಟ್ಯೂಬ್ ಕೊಟ್ಟು, ಕೆಂಪು ಹೋದರೂ ಹಚ್ಚುವುದನ್ನು ಬಿಡಬೇಡ ಎಂದು ಹೇಳಿ ಹೋದರು. ಗಣಪತಿ ಹಬ್ಬದ ಹೊತ್ತಿಗೆ ಕಣ್ಣು ತಿಳಿಯಾಯಿತು. ದಸರೆ ಕಳೆಯುವಷ್ಟರಲ್ಲಿ ಮತ್ತೆ ಕೆಂಪು. ಮತ್ತೊಂದು ಟ್ಯೂಬ್, ಮತ್ತೆ ಗುಣ, ದೀಪಾವಳಿ ರಜೆ ಮುಗಿಸಿ ಬಂದರೆ ಮತ್ತೆ ಅದೇ. ಹೆಲ್ತ್ ಪೋಸ್ಟಿನ ಸೇವಿಕೆ, ಒಳ್ಳೆಯ ಹೆಂಗಸು, ಆ ಸಲ ಬೇಸರಪಟ್ಟುಕೊಂಡು ಮರಾಠಿಯಲ್ಲಿ ಹೇಳಿದಳು: "ಔಷಧ ಕೊಡೋದು ನಮ್ಮ ಕೆಲಸ ಟೀಚರ್ ಬಾಯಿ. ಮನೆಗೆ ಹೋಗಿ ಹಚ್ಚಿಕೊಳ್ಳದೇ ಇದ್ದರೆ ನಾವೇನು ಮಾಡೋಣ?"

ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಹಚ್ಚಿಕೊಂಡೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ಅದೇ ದಿನಗಳಲ್ಲಿ ನನ್ನ ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಳು. ನಮ್ಮ ಎರಡು ಕೋಣೆಯ ಮನೆಯಲ್ಲಿ ಬಾಣಂತಿ, ಕೂಸು, ಬಿಸಿನೀರು, ಸಾಂಬ್ರಾಣಿ ಹೊಗೆ. ನಾನು ಬೆಳಗ್ಗೆ ಆ ಹುಡುಗಿಯ ನೋಟ್‌ಬುಕ್ ತಿದ್ದಿದ ಕೈಯಲ್ಲೇ ಸಂಜೆ ಮೊಮ್ಮಗಳನ್ನು ಎತ್ತಿಕೊಳ್ಳಬೇಕು. ಆ ಯೋಚನೆ ಒಮ್ಮೆ ತಲೆಗೆ ಹೊಕ್ಕಿದ್ದೇ ತಡ, ಅಲ್ಲೇ ಕೂತುಬಿಟ್ಟಿತು. ಸ್ಟೇಷನ್ನಿನ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದೆ, ಬಿಲ್ಡಿಂಗಿನ ಕೆಳಗೆ ಮತ್ತೊಮ್ಮೆ ತೊಳೆಯುತ್ತಿದ್ದೆ, ಮನೆಗೆ ಬಂದರೆ ನೇರ ಬಚ್ಚಲಿಗೆ. ಟ್ರೇನಿನಲ್ಲಿ ಕಣ್ಣು ತುರಿಸಿದರೆ ಪರ್ಸಿನ ಪುಟ್ಟ ಕನ್ನಡಿ ತೆಗೆದು ಜನರ ನಡುವೆಯೇ ರೆಪ್ಪೆ ಎಳೆದು ನೋಡಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಮನೆಗೆ ಬಂದಾಗ ಮಗಳು ಬಾಗಿಲಲ್ಲೇ ನಿಂತಿದ್ದಳು. ಕೂಸಿನ ಬಲಗಣ್ಣು ಪಿಸರು ಕಟ್ಟಿ ಮುಚ್ಚಿಕೊಂಡಿತ್ತು.

"ಅಮ್ಮಾ, ಇದು ನಿನ್ನ ಸ್ಕೂಲಿಂದ ಬಂದದ. ಸಚ್ ಬತಾ, ಆ ಹುಡುಗಿ ಇನ್ನೂ ಬರ್ತಾಳಲ್ಲಾ?"

"ಬರ್ತಾಳ. ನಾ ಕೈ ತೊಳಕೊಂಡೇ…"

"ಕೈ ತೊಳದ್ರ ಎಲ್ಲಾ ಹೋಗ್ತದ? ಅವ್ರಿಗೆ ಮೆಡಿಸಿನ್ ಕೊಟ್ರೂ ಹೋಗ್ಲಿಲ್ಲಲ್ಲಾ!"

ಆಟೋ ಹಿಡಿದು ಮಕ್ಕಳ ಡಾಕ್ಟರ ಹತ್ತಿರ ಓಡಿದೆವು. ಡಾಕ್ಟರು ನೋಡಿ ನಕ್ಕರು. ಕಣ್ಣೀರು ಇಳಿಯುವ ನಾಳ ಇನ್ನೂ ಪೂರ್ತಿ ತೆರೆದಿಲ್ಲ, ಎಷ್ಟೋ ಕೂಸುಗಳಿಗೆ ಹೀಗಿರುತ್ತದೆ, ಮೂಗಿನ ಪಕ್ಕ ಮೆಲ್ಲಗೆ ತೀಡಿ ಎಂದು ತೋರಿಸಿಕೊಟ್ಟರು. ಸೋಂಕಲ್ಲ. ಆದರೂ ಮನೆಗೆ ಬಂದ ಮೇಲೆ ಕೂಸನ್ನು ತೆಗೆದುಕೊಳ್ಳಲು ಕೈ ಚಾಚಿದರೆ ಮಗಳು ಹಿಂದೆ ಸರಿದಳು.

"ಸಾರಿ ಅಮ್ಮಾ. ಅಭೀ ನಹೀ. ನಂಗ ಹೆದರಿಕಿ ಆಗ್ತದ."

ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹೆದರಿಕೆ ನನಗೂ ಇತ್ತು. ಆದರೆ ಅವಳು ಕೇಳಿದ ಮಾತು ಮನಸ್ಸಿನಿಂದ ಹೋಗಲಿಲ್ಲ. ಔಷಧ ಕೊಟ್ಟರೂ ಯಾಕೆ ಹೋಗುತ್ತಿಲ್ಲ? ಮರುದಿನ ಶಾಲೆ ಬಿಟ್ಟ ಮೇಲೆ ಹುಡುಗಿಯ ಜೊತೆ ಅವಳ ಮನೆಗೆ ಹೊರಟೆ.

ರೈಲು ಹಳಿಯ ಗೋಡೆಗೆ ಆತುಕೊಂಡ ಗಲ್ಲಿ ಅದು. ತಗಡಿನ ಒಂದೇ ಕೋಣೆ, ಬಾಗಿಲೇ ಅದಕ್ಕೆ ಕಿಟಕಿ. ಹೊಸ್ತಿಲ ಬಳಿ ಎರಡು ವರ್ಷದ ತಮ್ಮ ಆಡುತ್ತಿದ್ದ. ಅವನ ಕಣ್ಣು ಅಕ್ಕನ ಕಣ್ಣಿಗಿಂತ ಕೆಂಪು. ಎರಡೂ ಕಣ್ಣಿನ ಮೂಲೆಯಲ್ಲಿ ನೊಣಗಳು ಕೂತಿದ್ದವು. ಅವನು ಅವನ್ನು ಓಡಿಸುತ್ತಲೂ ಇರಲಿಲ್ಲ, ಅಷ್ಟು ರೂಢಿಯಾಗಿತ್ತು. ಒಳಗೆ ಅಜ್ಜಿ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದಳು.

ಹುಡುಗಿ ಚೀಲ ಇಟ್ಟವಳೇ ಗೂಡಿನಿಂದ ಒಂದು ಚಿಮಟ ತೆಗೆದುಕೊಂಡಳು, ಕಾಲಿಗೆ ಮುಳ್ಳು ಹೊಕ್ಕರೆ ಕೀಳುತ್ತಾರಲ್ಲ, ಅಂಥದು. ಅಜ್ಜಿ ಅವಳ ತೊಡೆಯ ಮೇಲೆ ತಲೆಯಿಟ್ಟಳು. ಹುಡುಗಿ ತನ್ನ ನೀರಾಡುವ ಕಣ್ಣನ್ನು ಕಿರಿದು ಮಾಡಿಕೊಂಡು, ಬಗ್ಗಿ, ಅಜ್ಜಿಯ ಕಣ್ಣಿನ ಮೇಲಿನ ರೆಪ್ಪೆಯಿಂದ ಒಂದೊಂದೇ ಕೂದಲು ಕಿತ್ತು ತೆಗೆಯತೊಡಗಿದಳು. ಅವಳು ತಪ್ಪದೆ ಮಾಡುವ ಕೆಲಸ ಅದು ಎಂದು ಕೈ ಓಡುವ ರೀತಿಯಲ್ಲೇ ತಿಳಿಯುತ್ತಿತ್ತು. ನಡುನಡುವೆ ಅಜ್ಜಿಯ ಕಣ್ಣೀರನ್ನು ಒಂದು ಬಟ್ಟೆಯ ತುಂಡಿನಿಂದ ಒರೆಸಿದಳು. ಅದೇ ಬಟ್ಟೆಯಿಂದ ತನ್ನ ಕಣ್ಣು ಒರೆಸಿಕೊಂಡಳು. ತಮ್ಮ ಅಳುತ್ತಾ ಬಂದಾಗ ಅವನ ಮುಖವನ್ನೂ ಒರೆಸಿದಳು.

"ಏನಾಗೇದ ಅಜ್ಜಿ?" ಎಂದೆ.

"ಕೂದಲಾ ಒಳಗ ತಿರುಗ್ಯಾವ ಯವ್ವಾ. ಕಣ್ಣ ತೆರದ್ರ ಉಸುಕಿಲೆ ತಿಕ್ಕಿದಂಗ ಆಗತೈತಿ. ಈಕಿ ಕಿತ್ತರ ನಾಕ ದಿನಾ ಆರಾಮ. ಮತ್ತ ಬೆಳೀತಾವ."

ಅಷ್ಟರಲ್ಲಿ ತಾಯಿ ಕೆಲಸದಿಂದ ಬಂದಳು. ತಲೆಯ ಮೇಲೆಲ್ಲ ಸಿಮೆಂಟಿನ ಧೂಳು. ನನ್ನನ್ನು ಕಂಡು ಗಾಬರಿಯಾದಳು, ಮಗಳು ಏನೋ ತಪ್ಪು ಮಾಡಿದ್ದಾಳೆಂದುಕೊಂಡಳು. ನಾನು ಟ್ಯೂಬಿನ ವಿಷಯ ಕೇಳಿದೆ. ಅವಳು ಮುಚ್ಚಿಡಲಿಲ್ಲ.

"ಮೊದಲಾ ಈಕಿಗೇ ಹಚ್ಚಿದ್ನಿರಿ ಅಕ್ಕೋರ. ಕೆಂಪ ಕಡಿಮಿ ಆತು. ಅತ್ತಿ ನೋವಿಲೆ ಒದ್ದಾಡಾಕತ್ತಿದ್ಲು, ಉಳದದ್ದು ಆಕಿಗೆ ಹಚ್ಚಿದ್ನಿ. ಸಣ್ಣಾಂವಗೂ ಒಂದೀಟು ಹಚ್ಚಿದ್ನಿ. ಒಂದ ಟೂಬಿನ್ಯಾಗ ಎಷ್ಟ ಮಂದಿಗಿ ಬರತೈತ್ರಿ?"

"ಇವರಿಬ್ಬರಿಗೂ ಹೆಲ್ತ್ ಪೋಸ್ಟಿನ್ಯಾಗ ತೋರಸಲಿಲ್ಲೇನು?"

"ಗಲ್ಲಿಗೆ ಅವರು ಬರೂದು ಹೊತ್ತೇರಿದ ಮ್ಯಾಲ್ರಿ, ನಾ ಕೆಲಸಕ್ಕ ಹೋಗಿರ್ತೀನಿ. ಸಾಲ್ಯಾಗ ಬಂದ್ರ ಸಾಲಿ ಹುಡುಗರಿಗಷ್ಟ ಕೊಡ್ತಾರ. ಇಂವಗ ಸಾಲಿಗೆ ಹೋಗೂ ವಯಸ್ಸಾಗಿಲ್ಲ, ಅತ್ತೀದು ಸಾಲಿಗೆ ಹೋಗೂ ವಯಸ್ಸಲ್ಲ." ಹೇಳುತ್ತಲೇ ಅವಳು ಸೆರಗಿನ ತುದಿಯಿಂದ ಮಗನ ಮೂಗು, ಕಣ್ಣು ಒರೆಸಿ, ಅದೇ ಸೆರಗಿನಿಂದ ತನ್ನ ಮುಖದ ಬೆವರನ್ನೂ ಒರೆಸಿಕೊಂಡಳು.

ಮುಖ ತೊಳೆಸಬಾರದೇ ಎಂದು ಕೇಳಲು ಹೊರಟು ನಿಲ್ಲಿಸಿದೆ. ಗಲ್ಲಿಗೆಲ್ಲ ಒಂದೇ ನಲ್ಲಿ, ಬೆಳಗ್ಗೆ ಸ್ವಲ್ಪ ಹೊತ್ತು ನೀರು. ಮನೆಯಲ್ಲಿದ್ದ ಒಂದು ನೀಲಿ ಡ್ರಮ್ಮಿನ ನೀರಿನಲ್ಲೇ ಅಡುಗೆ, ಕುಡಿಯುವುದು, ಪಾತ್ರೆ ಎಲ್ಲ ಆಗಬೇಕು. ಅದರಲ್ಲಿ ಗಳಿಗೆಗೊಮ್ಮೆ ಮಗುವಿನ ಮುಖ ತೊಳೆಸು ಎಂದು ಯಾವ ಬಾಯಿಯಿಂದ ಹೇಳಲಿ?

ಒಂದು ದಿನದ ಕೆಲಸ ಬಿಡಿಸಿ ಎಲ್ಲರನ್ನೂ ಮುನ್ಸಿಪಲ್ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹುಡುಗಿಯ ತಂದೆ ಮಾತ್ರ ಬರಲಿಲ್ಲ, ಜೋಗೇಶ್ವರಿಯ ಹೊಸ ಸೈಟಿನಲ್ಲಿ ತನ್ನ ತಮ್ಮನ ಸಂಸಾರದ ಜೊತೆ ಉಳಿದುಕೊಂಡಿದ್ದ. ಕಣ್ಣಿನ ವಿಭಾಗದ ಸಾಲು ಮೆಟ್ಟಿಲವರೆಗೂ ಇತ್ತು. ಸರದಿ ಬಂದಾಗ ಎಳೆಯ ಡಾಕ್ಟರೊಬ್ಬ ಹುಡುಗಿಯ ಕಣ್ಣಿಗೆ ಟಾರ್ಚ್ ಬಿಟ್ಟು, ಅಲರ್ಜಿ ಎಂದು ಹನಿ ಬರೆಯತೊಡಗಿದ. ಅಜ್ಜಿಯದನ್ನೂ ಒಮ್ಮೆ ನೋಡಿ ಎಂದೆ. ಅಜ್ಜಿಯ ರೆಪ್ಪೆ ನೋಡಿದವನು ಪೆನ್ನು ಕೆಳಗಿಟ್ಟು, ಒಳಗಿನಿಂದ ಹಿರಿಯ ಡಾಕ್ಟರಮ್ಮನನ್ನು ಕರೆದ.

ಆಕೆ ಹುಡುಗಿಯ ಮೇಲಿನ ರೆಪ್ಪೆಯನ್ನು ಬೆರಳಿನಿಂದ ಹಿಡಿದು ಹಿಂದೆ ಮಗುಚಿದರು. ನಾನು ಹತ್ತಿರದಲ್ಲೇ ಇದ್ದೆ. ಒಳಗೆಲ್ಲ ಕೆಂಪು ಮೈ, ಅದರ ಮೇಲೆ ನೆನೆಸಿದ ಸಾಬೂದಾಣಿಯಂಥ ಬಿಳಿ ಕಾಳುಗಳು. ತಮ್ಮನದೂ ಹಾಗೇ. ಡಾಕ್ಟರಮ್ಮ ಕೈ ತೊಳೆದುಕೊಂಡರು.

"ಟ್ರಕೋಮಾ," ಎಂದು ಎಳೆಯ ಡಾಕ್ಟರನಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ ಹಿಂದಿಯಲ್ಲಿ, "ರೆಪ್ಪೆಯೊಳಗಿನ ಸೋಂಕು, ಬಿಟ್ಟರೆ ಕುರುಡಾಗಿಸುತ್ತದೆ. ಈ ರೋಗ ನಮ್ಮ ದೇಶದಿಂದ ಹೆಚ್ಚುಕಡಿಮೆ ಹೋಗಿದೆ ಅಂತಾರೆ. ಅದು ಸುಳ್ಳಲ್ಲ. ಆದರೆ ಹೋಗಿದೆ ಅಂದರೆ ಎಲ್ಲರ ಕಣ್ಣಿನಿಂದಲೂ ಹೋಗಿದೆ ಅಂತಲ್ಲ. ನಾವೂ ಹುಡುಕುವುದನ್ನು ಬಿಟ್ಟಿದ್ದೇವೆ," ಎಂದರು.

"ಅಜ್ಜಿಯಿಂದ ಮಕ್ಕಳಿಗೆ ಬಂತೇ?" ಎಂದೆ.

"ಅಲ್ಲ. ಅಜ್ಜಿಗೆ ಈಗ ಇರುವುದು ಹಳೆಯ ಗಾಯ. ಆಕೆ ಚಿಕ್ಕವಳಿದ್ದಾಗ ಹೀಗೇ ಮತ್ತೆ ಮತ್ತೆ ಬಂದಿದೆ. ಪ್ರತಿ ಸಲವೂ ಒಳಗೆ ಕಲೆ ಉಳಿದು, ರೆಪ್ಪೆ ಒಳಕ್ಕೆ ಎಳೆದುಕೊಂಡಿದೆ. ಸೋಂಕು ಈಗ ಓಡಾಡುತ್ತಿರುವುದು ಚಿಕ್ಕ ಮಕ್ಕಳಲ್ಲಿ, ಅದರಲ್ಲೂ ಈ ಸಣ್ಣವನಲ್ಲಿ. ಅಕ್ಕನಿಗೆ ಔಷಧ ಕೊಡುತ್ತೀರಿ, ಅವಳ ಕಣ್ಣು ತಿಳಿಯಾಗುತ್ತದೆ. ಅಷ್ಟರಲ್ಲಿ ತಮ್ಮನ ಕೈ, ಬಟ್ಟೆ, ನೊಣ, ಯಾವುದರಿಂದಲೋ ಅದು ಮತ್ತೆ ಅವಳಿಗೆ ಬರುತ್ತದೆ. ಮನೆಯವರಿಗೆಲ್ಲ ಒಟ್ಟಿಗೇ ಕೊಡಬೇಕು, ಅಕ್ಕಪಕ್ಕದವರಿಗೂ. ಒಂದು ಮಗು ತಪ್ಪಿಸಿಕೊಂಡರೂ ಮತ್ತೆ ಮೊದಲಿನಿಂದ."

ನಾನು ಇದನ್ನೆಲ್ಲ ತಾಯಿಗೆ ಕನ್ನಡದಲ್ಲಿ ಹೇಳಿದೆ. ಹುಡುಗಿ ಪಕ್ಕದಲ್ಲೇ ನಿಂತು ಕೇಳುತ್ತಿದ್ದಳೆಂಬುದು ನನ್ನ ಲಕ್ಷ್ಯಕ್ಕೆ ಬಂದಿರಲಿಲ್ಲ. ಹೊರಗೆ ಬಂದಾಗ ನನ್ನ ಸೀರೆ ಜಗ್ಗಿದಳು.

"ನಂದೂ ಅಜ್ಜಿ ಕಣ್ಣ ಆದಂಗ ಆಗತಾವೇನ್ರಿ ಟೀಚರ್?"

"ಇಲ್ಲ," ಎಂದೆ. ಆಗುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ.

ಡಾಕ್ಟರಮ್ಮ ಅಂದು ನನ್ನ ಕಣ್ಣಿನ ರೆಪ್ಪೆಯನ್ನೂ ಮಗುಚಿ ನೋಡಿ, ಏನೂ ಇಲ್ಲ, ಸುಮ್ಮನೆ ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡಿದ್ದೀರಿ ಎಂದಿದ್ದರು. ಅದನ್ನು ಮನೆಯಲ್ಲಿ ಹೇಳಿದೆ. ಅಜ್ಜಿಯ ಕಣ್ಣಿನ ಕೂದಲನ್ನು ಹುಡುಗಿ ಕೀಳುತ್ತಿದ್ದುದನ್ನೂ ಹೇಳಿದೆ. ಮಗಳು ಕೂಸಿಗೆ ಹಾಲು ಕೊಡುತ್ತಾ, "ಅಷ್ಟ್ ಸಣ್ಣ ಹುಡುಗಿ?" ಎಂದಳು. ಹಾಲು ಕುಡಿದಾದ ಮೇಲೆ ಕೂಸನ್ನು ತಂದು ನನ್ನ ತೊಡೆಯ ಮೇಲೆ ಮಲಗಿಸಿದಳು. ನಾನು ಮೂಗಿನ ಪಕ್ಕ ಮೆಲ್ಲಗೆ ತೀಡಿದೆ.

ಇನ್ನು ಗಲ್ಲಿಯವರಿಗೆಲ್ಲ ಔಷಧ ಕೊಡಿಸುವ ಕೆಲಸ. ಡಾಕ್ಟರಮ್ಮ ಹೆಲ್ತ್ ಪೋಸ್ಟಿಗೆ ಫೋನ್ ಮಾಡಿ ಹೇಳಿದರು. ಆದರೂ ನಾನು ಸೇವಿಕೆಯ ಹತ್ತಿರ ಹೋಗಿ, ಭಾನುವಾರ ಬೆಳಗ್ಗೆ ನೀರು ಬಿಡುವ ಹೊತ್ತಿಗೇ ಬರಬೇಕೆಂದು ಕೇಳಿಕೊಂಡೆ. ಆ ಹೊತ್ತಿನಲ್ಲಿ ಯಾರೂ ಗಲ್ಲಿ ಬಿಟ್ಟು ಕದಲುವುದಿಲ್ಲ. ಅವಳಿಗೂ ಮನೆ, ಮಕ್ಕಳು, ವಾರಕ್ಕೊಂದೇ ರಜೆ. "ನೋಡೋಣ ಬಾಯಿ," ಎಂದಳಷ್ಟೇ. ಬರುತ್ತಾಳೋ ಇಲ್ಲವೋ ಎಂಬ ಕಳವಳದಲ್ಲೇ ಭಾನುವಾರ ಕುರ್ಲಾದಲ್ಲಿ ಇಳಿದೆ. ಅವಳು ನನಗಿಂತ ಮೊದಲೇ ಬಂದು ಗುಳಿಗೆ, ಮಕ್ಕಳ ಸಿರಪ್ ಬಾಟಲಿಗಳನ್ನು ಹರವಿಕೊಂಡು ನಿಂತಿದ್ದಳು.

ಕೊಡಗಳ ಸಾಲು ಉದ್ದಕ್ಕೆ ಇತ್ತು. ಮೊದಲನೆಯ ಮನೆಯಿಂದಲೇ ತಕರಾರು. ಒಬ್ಬ ಗಂಡಸು ಮಕ್ಕಳನ್ನು ಹಿಂದಕ್ಕೆ ಎಳೆದುಕೊಂಡು, "ನಮ್ಮ ಹುಡುಗರ ಕಣ್ಣ ಚಲೋ ಅದಾವ್ರಿ. ರೋಗ ಅವರ ಮನ್ಯಾಗೈತಿ, ನಾವ್ಯಾಕ ಔಷಧಾ ಕುಡೀಬೇಕು?" ಎಂದ. ಉಳಿದವರೂ ತಲೆಯಾಡಿಸಿದರು. ಹುಡುಗಿಯ ತಾಯಿಯ ಮುಖ ಕಪ್ಪಿಟ್ಟಿತು. ನಾನು ಮಾಡಹೊರಟ ಒಳ್ಳೆಯದು ಆ ಮನೆಯನ್ನು ಗಲ್ಲಿಯಿಂದ ಬೇರೆ ಮಾಡಿಬಿಡುತ್ತದೇನೋ ಎಂದು ನನಗೆ ದಿಗಿಲಾಯಿತು.

ಆಗ ಅಜ್ಜಿ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಬಿಸಿಲಿಗೆ ಕಣ್ಣು ತೆರೆಯಲಾಗದೆ ಮುಖ ಕಿವುಚಿದಳು. ಬೆರಳಿನಿಂದ ತಾನೇ ರೆಪ್ಪೆ ಎತ್ತಿ ಹಿಡಿದಳು.

"ನೋಡ್ರಿ ಎಲ್ಲಾರೂ. ಸಣ್ಣಾಕಿದ್ದಾಗ ನನ್ನ ಕಣ್ಣೂ ಚಲೋನ ಇದ್ದುವು. ಕೆಂಪ ಆಕ್ಕಿದ್ದುವು, ಹೋಗತಿದ್ದುವು. ಹೋತಂತ ನಮ್ಮವ್ವ ಸುಮ್ಮನಾದ್ಲು. ಆಕಿಗಿ ಯಾರೂ ಹೇಳಲಿಲ್ಲ. ನಿಮಗ ಹೇಳಾಕ ಮಂದಿ ಬಂದು ನಿಂತಾರ."

ನಲ್ಲಿಯ ಹತ್ತಿರವಿದ್ದ ಒಬ್ಬ ಹೆಂಗಸು ಕೊಡ ಕೆಳಗಿಟ್ಟು ಮಗುವನ್ನು ಮುಂದೆ ತಂದಳು. ಆಮೇಲೆ ಇನ್ನೊಬ್ಬಳು. ಕೊನೆಗೆ ಆ ಗಂಡಸೂ ಮಕ್ಕಳ ಕೈ ಬಿಟ್ಟ. ತಂದೆಯೂ ಅಂದು ಜೋಗೇಶ್ವರಿಯಿಂದ ಬಂದು ಗುಳಿಗೆ ನುಂಗಿದ. ಆದರೆ ಅವನು ತನ್ನ ತಮ್ಮನ ಹೆಂಡತಿ ಮಕ್ಕಳನ್ನು ಕರೆತರಲಿಲ್ಲ. "ಅಷ್ಟ ದೂರ ಹುಡುಗರನ್ನ ಕಟಗೊಂಡು ಎಲ್ಲಿ ಬರತಾರ್ರಿ?" ಎಂದ. ಒಂದು ಮಗು ತಪ್ಪಿಸಿಕೊಂಡರೂ ಎಂಬ ಡಾಕ್ಟರಮ್ಮನ ಮಾತು ನೆನಪಾಯಿತು.

ಚಳಿಗಾಲದಲ್ಲಿ ಹುಡುಗಿಯ ಕಣ್ಣು ತಿಳಿಯಾಯಿತು, ತಮ್ಮನದೂ ತಿಳಿಯಾಯಿತು. ತಾಯಿ ಹಳೆಯ ಸೀರೆ ಹರಿದು ಒಬ್ಬೊಬ್ಬರಿಗೆ ಒಂದೊಂದು ತುಂಡು ಮಾಡಿ, ಮೊಳೆ ಹೊಡೆದು ಬೇರೆ ಬೇರೆ ತೂಗುಹಾಕಿದ್ದಳು. ಅಜ್ಜಿಯ ಒಂದು ಕಣ್ಣಿನ ರೆಪ್ಪೆಗೆ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ಮೇಲೆ ನೋಡಲು ಹೋದರೆ, ಅವಳು ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ಗುರುತು ಹಿಡಿದು, "ನೀ ಇಷ್ಟ ಗಿಡ್ಡಾಕೀನ? ದನಿ ಕೇಳಿ ಎತ್ತರದಾಕಿ ಅಂತ ತಿಳದಿದ್ನಿ," ಎಂದು ನಕ್ಕಳು. ಇನ್ನೊಂದು ಕಣ್ಣಿಗೆ ಮಾತ್ರ, ಊರಿಗೆ ಹೋಗಿ ಬಂದ ಮೇಲೆ ನೋಡೋಣ ಎಂದಳು. ಊರಿಗೆ ಹೋದವಳು ಅಲ್ಲೇ ಹಿರಿಯ ಮಗಳ ಮನೆಯಲ್ಲಿ ಉಳಿದಳು. ಆ ಕಣ್ಣು ಹಾಗೇ ಇದೆ.

ಬೇಸಿಗೆ ಶುರುವಾಗುವಾಗ ಕುರ್ಲಾದ ಕೆಲಸ ಮುಗಿದು ಸಂಸಾರ ಜೋಗೇಶ್ವರಿಗೆ ಹೋಯಿತು. ಹೊರಡುವ ಮುಂಚೆ ತಾಯಿ ನನ್ನ ನಂಬರು ತೆಗೆದುಕೊಂಡಳು. ಕೆಲವು ವಾರಗಳ ಮೇಲೆ ಫೋನ್ ಬಂತು.

"ಅಕ್ಕೋರ, ಸಣ್ಣಾಂವನ ಕಣ್ಣ ಮತ್ತ ಕೆಂಪಾಗ್ಯಾವ್ರಿ."

ಭಾನುವಾರ ಹೋದೆ. ಅರ್ಧ ಎದ್ದ ಬಿಲ್ಡಿಂಗಿನ ಹಿಂದೆ ತಗಡಿನ ಶೆಡ್ಡುಗಳ ಸಾಲು. ನೀರು ಟ್ಯಾಂಕರಿನದು, ಅದೂ ಬಂದಾಗ ಬಂತು. ತಾಯಿಯ ಮೈದುನನ ಇಬ್ಬರು ಮಕ್ಕಳು ಹುಡುಗಿಯ ತಮ್ಮನ ಜೊತೆ ಒಂದೇ ಚಾದರದಲ್ಲಿ ಮಲಗಿದ್ದರು, ಇಬ್ಬರ ಕಣ್ಣೂ ಅಂಟಿಕೊಂಡಿತ್ತು. ಹುಡುಗಿಯ ಕಣ್ಣು ಮಾತ್ರ ಇನ್ನೂ ತಿಳಿಯಾಗಿಯೇ ಇತ್ತು. ಅವಳು ಅವರಿಂದ ದೂರ, ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ತನ್ನ ಬಟ್ಟೆಯ ತುಂಡನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಿದ್ದಳು. ತಮ್ಮ ಎತ್ತಿಕೋ ಎಂದು ಕೈ ಚಾಚಿದ. ಅವಳು ಎತ್ತಿಕೊಳ್ಳಲಿಲ್ಲ, ಅವನ ಕಡೆ ನೋಡುತ್ತಾ ಅಳುತ್ತಿದ್ದಳು.

ಮರುದಿನ ರಜೆ ಹಾಕಿ ಅಲ್ಲಿನ ಹೆಲ್ತ್ ಪೋಸ್ಟಿಗೆ ಹೋದೆ. ಅಲ್ಲಿದ್ದ ನರ್ಸ್, "ಟ್ರಕೋಮಾನಾ? ಅದು ಈಗ ಎಲ್ಲಿದೆ ಮ್ಯಾಡಮ್?" ಎಂದಳು. ಕುರ್ಲಾದಲ್ಲಿ ಕೊಟ್ಟದ್ದು ಇಲ್ಲಿಯವರಿಗೆ ಗೊತ್ತಿರಲಿಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲ. ಡಾಕ್ಟರಮ್ಮನಿಗೆ ಫೋನ್ ಹಚ್ಚಿ ನರ್ಸಿನ ಕೈಗೆ ಕೊಟ್ಟೆ. ಅವರು ಮಾತಾಡಿದರು. ಆ ವಾರವೇ ಶೆಡ್ಡಿನವರಿಗೆಲ್ಲ ಔಷಧ ಕೊಟ್ಟರು. ಎಲ್ಲರಿಗೂ ಎಂದರೆ, ಅಂದು ಅಲ್ಲಿ ಇದ್ದವರಿಗೆಲ್ಲ. ಮರುವಾರ ಹೊಸದಾಗಿ ಎರಡು ಸಂಸಾರ ಬಂದು ಸೇರಿಕೊಂಡವಂತೆ.

ನಾನೀಗ ವಾರಕ್ಕೊಮ್ಮೆ ಫೋನ್ ಮಾಡುತ್ತೇನೆ. ಹೋದ ವಾರ ತಾಯಿ ಹೇಳಿದಳು, ಮಕ್ಕಳೆಲ್ಲ ಆರಾಮಿದ್ದಾರೆ, ತಮ್ಮನ ಕಣ್ಣಿನ ನೀರು ನಿಂತಿದೆ, ಹುಡುಗಿ ಅಲ್ಲೇ ಹತ್ತಿರದ ಹಿಂದಿ ಶಾಲೆಗೆ ಹೋಗುತ್ತಿದ್ದಾಳೆ. ಆಮೇಲೆ ಕೇಳಿದಳು:

"ಮತ್ತ ಬರತೈತೇನ್ರಿ ಅಕ್ಕೋರ?"

"ಬರಬಹುದವ್ವಾ," ಎಂದೆ. "ಬಂತಂದ್ರ ಒಬ್ಬನ್ನಷ್ಟ ಕರಕೊಂಡು ಹೋಗಬ್ಯಾಡ. ಎಲ್ಲಾರನೂ ಕರಕೊಂಡು ಹೋಗು."

"ಹೂಂರಿ," ಎಂದಳು. ಹಿಂದೆ ಮಕ್ಕಳು ಕೂಗಾಡುತ್ತಿದ್ದರು. ಟ್ಯಾಂಕರ್ ಬಂದಿದೆ ಎಂದು ಯಾರೋ ಕರೆದರು, ಅವಳು ಫೋನ್ ಇಟ್ಟಳು.